ಸೊಕ್ಕೆಯ ದರ

ಜಗಳೂರಿನ ಓಬಣ್ಣನ ಮನೆಯಲ್ಲಿ ಅಡುಗೆ ಖರ್ಚಿಗೆ ಎಷ್ಟು ಹಣ ಎಂಬುದು ಪ್ರತಿ ತಿಂಗಳು ಒಂದನೇ ತಾರೀಖು, ತಿಂಡಿ ಮುಗಿದ ಮೇಲೆ ತೀರ್ಮಾನವಾಗುತ್ತಿತ್ತು. ಎಷ್ಟು ಬೇಕು ಎಂದು ಅಡುಗೆ ಮಾಡುವ ಹೆಂಡತಿ ಗಿಡ್ಡಮ್ಮನನ್ನು ಯಾರೂ ಕೇಳುತ್ತಿರಲಿಲ್ಲ. ಸೊಸೆಯ ಪಟ್ಟಿಯನ್ನು ನೋಡುತ್ತಿದ್ದರು, ಅಷ್ಟೆ.

ಇದು ಓಬಣ್ಣನ ಬುದ್ಧಿವಂತಿಕೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದ ಮನುಷ್ಯ, ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ನಂಬಿದವನು. ಅವನ ಪಿಂಚಣಿ, ಮಗ ರವಿಕುಮಾರನ ಲೈನ್‌ಮನ್ ಸಂಬಳ ಎರಡೂ ಅವನ ಬೀರುವಿಗೇ ಹೋಗುತ್ತಿದ್ದವು. ಪಿಂಚಣಿದಾರನ ಮನೆಯೆಂದು ರೇಷನ್ ಅಕ್ಕಿಯೂ ಇಲ್ಲ. ಎರಡು ವರ್ಷದ ಹಿಂದೆ, ತಿಂಗಳ ಕೊನೆಯ ಗಂಡ ಹೆಂಡಿರ ಜಗಳ ಎದುರು ಮನೆಯವರು ಬಾಗಿಲಿಗೆ ಬಂದು ನಿಲ್ಲುವಷ್ಟಾದಾಗ ಅವನೊಂದು ಕಾನೂನು ತಂದ.

"ಸರ್ಕಾರ ನನಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಏರಿಸ್ತೈತೆ. ನನ್ನ ಮುಖ ನೋಡಿ ಏರಿಸ್ತೈತಾ? ಇಲ್ಲ. ದರದ ಪಟ್ಟಿ ನೋಡಿ ಏರಿಸ್ತೈತೆ. ನಿನಗೂ ಹಂಗೇ ಕೊಡ್ತೀನಿ, ತಿಂಗಳಿಗೊಂದ್ಸಲ. ಪಟ್ಟಿ ಮನೆಯಾಗೇ ಐತಲ್ಲ, ಜಗಳ ಯಾಕೆ?"

ಪಟ್ಟಿ ಮನೆಯಲ್ಲೇ ಇತ್ತು, ನಿಜ. ಸೊಸೆ ಅಂಬಿಕಾಳ ನೌಕರಿಯೇ ಅದು. ದೇಶದಲ್ಲಿ ಬೆಲೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಲೆಕ್ಕ ಹಾಕಲು ಸರ್ಕಾರ ಕೆಲವು ಊರುಗಳನ್ನು, ಆ ಊರುಗಳಲ್ಲಿ ಕೆಲವು ಅಂಗಡಿಗಳನ್ನು ಆರಿಸಿಟ್ಟಿರುತ್ತದೆ. ತಿಂಗಳಿಗೊಮ್ಮೆ ಅದೇ ಅಂಗಡಿಗೆ ಹೋಗಿ ಅದೇ ಸಾಮಾನಿಗೆ ಈ ಸಲ ಏನು ದರ ಎಂದು ಬರೆದುಕೊಂಡು ಬರಬೇಕು. ವರ್ಷದ ಗುತ್ತಿಗೆ, ಮಾರ್ಚ್‌ನಲ್ಲಿ ನವೀಕರಣ. ಅಂಬಿಕಾಳ ಪಾಲಿಗೆ ಬಂದದ್ದು ಸೊಕ್ಕೆ. ಅಲ್ಲಿ ದಿನಸಿಗೆಲ್ಲ ದುರುಗಣ್ಣನ ಅಂಗಡಿ.

ಪಟ್ಟಿಯನ್ನು ಹೊರಗಿನವರಿಗೆ ತೋರಿಸಬಾರದೆಂಬ ನಿಯಮವಿತ್ತು. ಆದರೆ ಸೊಕ್ಕೆಯಲ್ಲಿ ಸಿಗ್ನಲ್ ಸಿಗದೆ ಅವಳು ಹಾಳೆಯ ಮೇಲೆ ಬರೆದು ತಂದು, ಮನೆಯಲ್ಲಿ ಕೂತು ಟ್ಯಾಬ್‌ಗೆ ತುಂಬುತ್ತಿದ್ದಳು. ಆಗ ಮಾವ ಕನ್ನಡಕ ಒರೆಸಿಕೊಂಡು ಪಕ್ಕಕ್ಕೆ ಬಂದು ಕೂರುತ್ತಿದ್ದ. ಕೂರಬೇಡಿ ಎನ್ನುವ ಸೊಸೆ ಜಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಕಾನೂನು ಚೆನ್ನಾಗಿಯೇ ನಡೆಯಿತು ಅನ್ನಿ. ಬೆಳ್ಳುಳ್ಳಿ ಕೆಜಿಗೆ ನಾಲ್ಕುನೂರಾದ ತಿಂಗಳು ಗಿಡ್ಡಮ್ಮ ಬಾಯಿ ಬಿಡುವ ಮೊದಲೇ ಹಣ ಏರಿತು. "ನನ್ನ ಸೊಸೆ ಬರೆದ್ಲು ಅಂದ್ರೆ ಮುಗೀತು, ಮಾತಿಲ್ಲ" ಎಂದು ಅವಳು ನೀರು ಹಿಡಿಯುವಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದಳು. ತಿಂಗಳಿಗೆ ಒಂಬತ್ತು ಸಾವಿರದಲ್ಲಿ ಐದು ಜನರ ಹೊಟ್ಟೆ ತುಂಬಿಸುತ್ತಿದ್ದಳು. ಸಂತೆಯಲ್ಲಿ ಅವಳು ಬೇಳೆಯನ್ನು ಅಂಗೈಯಲ್ಲಿ ಹಾಕಿಕೊಂಡರೆ ವ್ಯಾಪಾರಿ ತಾನಾಗಿಯೇ ಎರಡು ರೂಪಾಯಿ ಇಳಿಸುತ್ತಿದ್ದ.

ಶೇಂಗಾ ಒಕ್ಕಣೆ ಮುಗಿದ ತಿಂಗಳು ಅಂಬಿಕಾ ಸೊಕ್ಕೆಗೆ ಹೋದರೆ ದುರುಗಣ್ಣನ ಅಂಗಡಿಯ ಹಲಗೆಗಳು ಮುಚ್ಚಿದ್ದವು. ಎದುರು ಕಟ್ಟೆಯ ಮೇಲಿದ್ದವರು, ಅವನು ಎಂಟು ದಿನದ ಹಿಂದೆ ತೀರಿಕೊಂಡನೆಂದರು. ಅಂಬಿಕಾ ಊರಾಚೆ ಸಿಗ್ನಲ್ ಸಿಗುವ ದಿಬ್ಬದವರೆಗೆ ನಡೆದು ಹೋಗಿ ಮೇಲಧಿಕಾರಿ ಶಾಂತಲಾಗೆ ಫೋನ್ ಮಾಡಿದಳು.

"ಬೇರೆ ಅಂಗಡಿ ಹಾಕ್ಕೋಬಹುದು. ಪ್ರಸ್ತಾವನೆ ಕಳಿಸಬೇಕು, ನಾನು ಬಂದು ನೋಡಬೇಕು, ಮೇಲಿಂದ ಮಂಜೂರಾಗಬೇಕು," ಎಂದಳು ಶಾಂತಲಾ. "ಮಾರ್ಚ್‌ಗೆ ನಿಮ್ಮ ನವೀಕರಣ ಅಲ್ವಾ? ಈಗ ಈ ಕಾಗದ ಹೋದ್ರೆ ನಿಮ್ಮ ಫೈಲೂ ಅದರ ಕೆಳಗೇ ಕೂರುತ್ತೆ. ನಿಮ್ಮಿಷ್ಟ."

"ಈ ತಿಂಗಳು ಏನು ಬರೀಲಿ ಮೇಡಂ?"

"ತಾತ್ಕಾಲಿಕವಾಗಿ ಮುಚ್ಚಿದ್ರೆ ಹೋದ ತಿಂಗಳ ದರಾನೇ ಹಾಕಬಹುದು. ಖಾಲಿ ಮಾತ್ರ ಬಿಡಬೇಡಿ."

"ಅವರು ತೀರ್ಕೊಂಡಿದಾರೆ ಮೇಡಂ."

"ಅಂಗಡಿ ತೀರ್ಕೊಂಡಿಲ್ಲವಲ್ಲ," ಎಂದಳು ಶಾಂತಲಾ.

ಹಳೆಯ ದರವನ್ನೇ ತುಂಬಿದಳು. ಮನೆಯಲ್ಲಿ ಹಣ ಒಂಬತ್ತು ಸಾವಿರಕ್ಕೇ ನಿಂತಿತು. "ಎಣ್ಣೆ ಹದಿನೆಂಟು ರೂಪಾಯಿ ಏರೈತಲ್ರೀ" ಎಂದು ಗಿಡ್ಡಮ್ಮ ಗೊಣಗಿದಳು, ಆದರೆ ಸೊಸೆಯ ಪಟ್ಟಿಯೆಂದು ಸುಮ್ಮನಾದಳು.

ಮುಂದಿನ ತಿಂಗಳು ಹೋದಾಗ ನಡು ಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅಂಬಿಕಾ ಸುಮ್ಮನೆ ಒಮ್ಮೆ ಹಲಗೆ ತಟ್ಟಿದಳು. ಒಳಗೆ ಏನೋ ಸರಿದ ಸದ್ದು.

"ಯಾರದು? ರೇಟ್ ಬರಕೊಳ್ಳೋ ಮಗಳೇನವ್ವ?" ದುರುಗಣ್ಣನ ಹೆಂಡತಿ ಗಾದ್ರಮ್ಮನ ದನಿ.

"ಹೌದಮ್ಮ. ಬಾಗಿಲು ತೆಗೀರಿ."

"ತೆಗೆದ್ರೆ ಗಿರಾಕಿ ಬರ್ತಾರೆ. ಅವ್ರು ಬರಾತನಕ ನಾನು ಹೆಂಗೆ ವ್ಯಾಪಾರ ಮಾಡ್ಲಿ? ನೀನು ಕೇಳು, ಹೇಳ್ತೀನಿ."

ಅವರು ಎಂದರೆ ಯಾರು ಎಂದು ಅಂಬಿಕಾ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ತೊಗರಿಬೇಳೆ ಎಂದಳು. ಒಳಗೆ ತಕ್ಕಡಿಯ ಸರಪಳಿ ಕಿಣಿಗುಟ್ಟಿತು. ಸ್ವಲ್ಪ ಹೊತ್ತು ಬಿಟ್ಟು "ನೂರಾ ನಲವತ್ತು" ಎಂದಿತು ದನಿ. ಹೋದ ಪಟ್ಟಿಯಲ್ಲಿ ನೂರಾ ಅರವತ್ತೆಂಟು. ಹಲಗೆಗಳ ಸಂದಿಯಲ್ಲಿ ಕಣ್ಣಿಟ್ಟು ನೋಡಿದಳು. ಗೂಡುಗಳೆಲ್ಲ ಖಾಲಿ. ಗಾದ್ರಮ್ಮ ಗಂಡನ ಜಾಗದಲ್ಲಿ ಕೂತಿದ್ದಳು. ತಕ್ಕಡಿಯ ಒಂದು ತಟ್ಟೆಯಲ್ಲಿ ಒಂದು ಕೆಜಿಯ ತೂಕದ ಕಲ್ಲು. ಇನ್ನೊಂದರಲ್ಲಿ ಏನೂ ಇಲ್ಲ. ಆ ಖಾಲಿ ತಟ್ಟೆಯನ್ನು ಅವಳು ಬೆರಳಿನಿಂದ ಒತ್ತಿ ಹಿಡಿದು ಸಮ ಮಾಡಿಕೊಂಡು, ಆಮೇಲೆ ದರ ಹೇಳುತ್ತಿದ್ದಳು.

ಅಂಬಿಕಾ ಸಂದಿಯಿಂದ ಕಣ್ಣು ತೆಗೆದಳು. ಆದರೂ ಬರೆದುಕೊಂಡಳು. ಅದೇ ಅಂಗಡಿ, ಅಂಗಡಿಯವರದೇ ಬಾಯಿ, ತಾನು ಕಲ್ಪಿಸಿ ಬರೆದದ್ದಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಪಟ್ಟಿ ಖಾಲಿ ಇರಲಿಲ್ಲ. ಶಾಂತಲಾ ಮಾರನೆಯ ದಿನ ಫೋನಿಗೆ ಹೆಬ್ಬೆರಳಿನ ಚಿತ್ರ ಕಳಿಸಿದಳು.

ಒಂದನೇ ತಾರೀಖು ಓಬಣ್ಣ ಎಂಟು ಸಾವಿರದ ಇನ್ನೂರು ಎಣಿಸಿಟ್ಟ.

"ಕಡಿಮೆ ಐತಲ್ರೀ," ಎಂದಳು ಗಿಡ್ಡಮ್ಮ.

"ದರ ಇಳಿದೈತೆ. ಏರಿದಾಗ ಏರಿಸಿಲ್ವಾ? ಇಳಿದಾಗ ಇಳಿಸಬೇಕು. ನ್ಯಾಯ ಎರಡೂ ಕಡೆ ಇರ್ಬೇಕು."

"ಎಲ್ಲಿ ಇಳಿದೈತೆ? ನಿನ್ನೆ ಸಂತೆಯಾಗೆ ಬ್ಯಾಳಿ ನೂರಾ ಎಪ್ಪತ್ತು ಕೊಟ್ಟು ತಂದೀನಿ!"

"ನೂರಾ ನಲವತ್ತಕ್ಕೆ ಸಿಗೋದಕ್ಕೆ ನೂರಾ ಎಪ್ಪತ್ತು ಕೊಟ್ಟು ಬಂದಿಯಾ? ಅದನ್ನ ಮತ್ತೆ ಬಾಯಿ ಬಿಟ್ಟು ಹೇಳ್ತಿ."

ಮೊಮ್ಮಗಳು ಅಕ್ಷಿತಾ, ಒಂಬತ್ತನೇ ಕ್ಲಾಸಿನ ಹುಡುಗಿ, ಅಜ್ಜಿಯ ಪರ ನಿಂತಳು. "ಅಜ್ಜ, ಒಂದ್ಸಲ ನೀವೇ ಸಂತೆಗೆ ಹೋಗಿ ಕೇಳ್ಕೊಂಡು ಬರ್ರಿ."

"ನಿಮ್ಮಜ್ಜಿ ನೋಡೋದು ಒಂದು ಸಂತೆ ಕಣಮ್ಮ. ಪಟ್ಟಿ ಅಂದ್ರೆ ಒಂದು ಪದ್ಧತಿ. ಬೇಕಾದ್ರೆ ನಿಮ್ಮಮ್ಮನ್ನೇ ಕೇಳು, ಸುಳ್ಳು ಬರೆದಾಳಾ?"

ಎಲ್ಲರೂ ಅಂಬಿಕಾಳ ಕಡೆ ನೋಡಿದರು. ಗಿಡ್ಡಮ್ಮನೂ ನೋಡಿದಳು, ಸಂಶಯದಿಂದಲ್ಲ, ನಂಬಿಕೆಯಿಂದ. ಅಂಬಿಕಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ಹೊತ್ತಿಗೆ ಬಾಯಿ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅದರ ಬದಲು ಅವಳು ತನಗೆ ತೋಚಿದ ಪರಿಹಾರ ಮಾಡಿದಳು. ಅತ್ತೆ ಹಣ ಇಡುವ ಮೆಂತ್ಯದ ಡಬ್ಬಿಗೆ ತನ್ನ ಸಂಬಳದ ಐನೂರು ರೂಪಾಯಿ ಸದ್ದಿಲ್ಲದೆ ಸೇರಿಸಿದಳು. ಗಿಡ್ಡಮ್ಮ ಅಂದು ಡಬ್ಬಿ ಸುರಿದುಕೊಂಡು ಎಣಿಸಿದಳು. ಮತ್ತೆ ಎಣಿಸಿದಳು. ಒಲೆಯ ಮೇಲಿನ ಸಾರು ಉಕ್ಕಿ ಹರಿದರೂ ಏಳದೆ ಮೂರನೆಯ ಸಲ ಎಣಿಸಿ, ಐನೂರರ ನೋಟನ್ನು ಹಿಡಿದು ಗಂಡನ ಮುಂದೆ ನಿಂತಳು.

"ನೋಡ್ರಿ, ಇದು ಹೆಚ್ಚು ಬಂದೈತೆ. ಎಲ್ಲಿಂದ ಬಂತೋ ತಿಳೀವಲ್ದು. ನನಗೆ ಎಣಿಸಾಕೇ ಮರ್ತು ಹೋಯ್ತೇನೋ."

"ವಯಸ್ಸಾತಲ್ಲ," ಎಂದು ಓಬಣ್ಣ ನೋಟನ್ನು ಬೀರುವಿನಲ್ಲಿಟ್ಟ. ಅವನ ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಗಿಡ್ಡಮ್ಮನನ್ನು ಮುರಿದದ್ದು ಆ ಕನಿಕರವೇ. ಅಂದಿನಿಂದ ಅವಳು ಅಕ್ಕಿ ಅಳೆಯುವಾಗಲೂ ಪಾವನ್ನು ಎರಡೆರಡು ಸಲ ಎಣಿಸತೊಡಗಿದಳು. ಮನೆಯಲ್ಲಿ ಯಾವಾಗಲೂ ಎಲ್ಲಿಂದಲೋ ಒಂದು ಸಣ್ಣ ದನಿ ಅಂಕಿ ಎಣಿಸುತ್ತಿರುವುದು ಕೇಳುತ್ತಿತ್ತು.

ಮೂರನೆಯ ಸಲ ಅಂಬಿಕಾ ಸೊಕ್ಕೆಗೆ ಹೋದಾಗ ತಟ್ಟುವ ಮೊದಲೇ ಒಳಗಿನಿಂದ ಮಾತು ಬಂತು. "ಬಂದೇನವ್ವ? ಕೇಳು."

ತೊಗರಿಬೇಳೆ ಎಪ್ಪತ್ತೆಂಟು. ಸಕ್ಕರೆ ಇಪ್ಪತ್ತೆಂಟು. ಎಣ್ಣೆ ಅರವತ್ತೈದು.

"ಸೀಮೆಎಣ್ಣೆ ನಾಳೆ ಬರ್ತೈತೆ, ಡಬ್ಬ ತಗೊಂಡು ಬಾ," ಎಂದಳು ಗಾದ್ರಮ್ಮ. "ನಮ್ಮೆಜಮಾನ್ರು ತರಾಕೆ ಹೋಗ್ಯಾರೆ."

ಸೊಕ್ಕೆಯಲ್ಲಿ ಸೀಮೆಎಣ್ಣೆ ಮಾರುವುದು ನಿಂತು ಎಷ್ಟೋ ವರ್ಷಗಳಾಗಿದ್ದವು. ಆ ಹಲಗೆಗಳ ಹಿಂದೆ ವರ್ಷಗಳು ಹಿಂದಕ್ಕೆ ನಡೆಯುತ್ತಿವೆ, ಬೆಲೆಗಳೂ ಅವುಗಳ ಕೈ ಹಿಡಿದು ಹೋಗುತ್ತಿವೆ ಎಂದು ಅಂಬಿಕಾಗೆ ಆಗ ಸ್ಪಷ್ಟವಾಯಿತು. ಕೈ ತಾನಾಗಿಯೇ ಬರೆಯಿತು ಎಂದರೆ ಸುಳ್ಳಾಗುತ್ತದೆ. ತಿಳಿದೂ ತಿಳಿದೂ ಬರೆದವಳು ಅವಳೇ. ನವೀಕರಣಕ್ಕೆ ಆರು ವಾರ ಉಳಿದಿತ್ತು.

ಇಷ್ಟು ಇಳಿದದ್ದಕ್ಕೆ ಟ್ಯಾಬ್ ಕಾರಣ ಕೇಳಿತು. ಶಾಂತಲಾ ಫೋನಿನಲ್ಲೇ ಹೇಳಿಕೊಟ್ಟಳು: "ಅಂಗಡಿಯವರು ಖಚಿತಪಡಿಸಿದ್ದಾರೆ ಅಂತ ಹಾಕಿ. ದರ ಏರಿದ್ರೆ ನೂರು ಪ್ರಶ್ನೆ ಬರುತ್ತೆ ಅಂಬಿಕಾ. ಇಳಿದ್ರೆ ಯಾರೂ ಕೇಳಲ್ಲ."

ಮನೆಯ ಹಣ ಆರು ಸಾವಿರಕ್ಕೆ ಬಂತು. ಸಾರಿನಲ್ಲಿ ಬೇಳೆ ತಳದಲ್ಲಿದೆಯೋ ಇಲ್ಲವೋ ಎಂದು ಸೌಟು ಆಡಿಸಿ ನೋಡಬೇಕಾಯಿತು. ಒಗ್ಗರಣೆಯ ಸದ್ದೇ ನಿಂತಿತು. ಅದೇ ವಾರ ಪತ್ರಿಕೆಯಲ್ಲಿ ಬೆಲೆ ಏರಿಕೆ ಹತೋಟಿಗೆ ಬಂದಿದೆಯೆಂದೂ ಈ ಸಲ ತುಟ್ಟಿಭತ್ಯೆ ಹೆಚ್ಚು ಏರುವುದಿಲ್ಲವೆಂದೂ ಸುದ್ದಿ ಬಂತು. ಓಬಣ್ಣ ಪತ್ರಿಕೆಯನ್ನು ನೆಲಕ್ಕೆ ಬಡಿದ.

"ಯಾವ ಕುರುಡ್ರು ಬರೀತಾರೆ ಇದನ್ನ? ಒಂದ್ಸಲ ಸಂತೆಗೆ ಬಂದು ನೋಡ್ಲಿ! ಮನುಷ್ಯ ಬದುಕಬೇಕಾ ಬ್ಯಾಡ್ವಾ?"

ತನ್ನ ಪಿಂಚಣಿಗೆ ಸಂತೆಯ ದರ, ಹೆಂಡತಿಯ ಡಬ್ಬಿಗೆ ಪಟ್ಟಿಯ ದರ. ದೊಡ್ಡವರ ನ್ಯಾಯ ಹೀಗೇ ಇರುತ್ತದೆ. ಮೊದಲಿನ ಗಿಡ್ಡಮ್ಮನಾಗಿದ್ದರೆ ಅಲ್ಲೇ ಹಿಡಿದು ಜಾಡಿಸುತ್ತಿದ್ದಳು. ಈಗ ಅವಳು ಬಾಗಿಲ ಬಳಿ ನಿಂತು ಕೇಳಿಸಿಕೊಂಡು, ತುಟಿ ಆಡಿಸುತ್ತಾ ಒಳಗೆ ಹೋದಳು.

ಮಾರನೆಯ ದಿನ ಅವಳು ಚೀಲ ಹಿಡಿದು ಸೊಕ್ಕೆಯ ಬಸ್ಸು ಹತ್ತಿದಳೆಂದು ಅಕ್ಷಿತಾ ಬಂದು ಹೇಳಿದಳು. ಅಂಬಿಕಾ ಮೊದಲು ಹೆದರಿದಳು, ಮರುಗಳಿಗೆಯೇ ಹಗುರಾದಳು. ಅತ್ತೆ ಮುಚ್ಚಿದ ಅಂಗಡಿಯನ್ನು ಕಣ್ಣಾರೆ ನೋಡುತ್ತಾಳೆ. ಬಂದು ತನ್ನನ್ನು ಬೈಯುತ್ತಾಳೆ. ಬೈಯಲಿ, ಕೆಲಸ ಹೋಗುವುದಿದ್ದರೆ ಹೋಗಲಿ, ಈ ಮೌನ ಮುಗಿದರೆ ಸಾಕು ಎಂದು ಅವಳು ಬಸ್ ನಿಲ್ದಾಣಕ್ಕೇ ಹೋಗಿ ಕಾದಳು.

ಮೂರು ಗಂಟೆಯ ಬಸ್ಸಿನಿಂದ ಗಿಡ್ಡಮ್ಮ ಇಳಿದಳು. ಚೀಲ ಖಾಲಿ. ಮುಖದಲ್ಲಿ ಎಷ್ಟೋ ವಾರಗಳಿಂದ ಇಲ್ಲದ ನೆಮ್ಮದಿ.

"ನಿನ್ನ ಪಟ್ಟಿ ದಿಟ ಕಣವ್ವ," ಎಂದಳು, ಸೊಸೆಯ ಕೈ ಹಿಡಿದುಕೊಂಡು. "ಎಪ್ಪತ್ತೆಂಟೇ. ನಾನೇ ಕೇಳ್ದೆ. ಒಳಗಿಂದ ಆ ಯಮ್ಮ ಹೇಳಿದ್ಲು. ಇವತ್ತು ಮಾಲು ಇಲ್ಲ, ಎಜಮಾನ್ರು ತರಾಕೆ ಹೋಗ್ಯಾರೆ, ನಾಳೆ ಬಾ ಅಂದ್ಲು."

"ಅತ್ತೆ, ಅಂಗಡಿ ಮುಚ್ಚಿತ್ತಲ್ಲ? ನೋಡಲಿಲ್ವಾ?"

"ಮಾಲು ಇಲ್ಲದಾಗ ತೆಗೆದು ಏನು ಮಾಡ್ತಾರೆ? ನಮ್ಮೂರಿನವ್ರು ನೋಡು, ಎಷ್ಟು ವರ್ಷದಿಂದ ನನಗೆ ಮೋಸ ಮಾಡ್ಯಾರೆ. ನಾನು ಜಾಣೆ ಅನ್ಕೊಂಡಿದ್ದೆ. ನಿಮ್ಮ ಮಾವನ ದುಡ್ಡೆಲ್ಲ ನಾನೇ ಹಾಳು ಮಾಡಿದ್ನಲ್ಲವ್ವ."

ಬೈಸಿಕೊಳ್ಳಲು ಬಂದಿದ್ದ ಅಂಬಿಕಾ ಖಾಲಿ ಚೀಲವನ್ನು ಇಸಿದುಕೊಂಡು ಅವಳ ಹಿಂದೆ ನಡೆದಳು.

ಆಮೇಲೆ ಗಿಡ್ಡಮ್ಮ ಪ್ರತಿ ಸಂತೆಗೂ ಹೋಗುತ್ತಿದ್ದಳು, ಒಂದೊಂದೇ ಅಂಗಡಿಯ ಮುಂದೆ ನಿಂತು ದರ ಕೇಳುತ್ತಿದ್ದಳು, ಕೇಳಿ ವ್ಯಾಪಾರಿಯ ಮುಖವನ್ನೇ ನೋಡುತ್ತಾ ನಿಂತುಬಿಡುತ್ತಿದ್ದಳು. ಅವಳನ್ನು ಇಪ್ಪತ್ತು ವರ್ಷದಿಂದ ಬಲ್ಲವರು ಮೊದಲು ನಕ್ಕರು, ಆಮೇಲೆ ಕಣ್ಣು ತಪ್ಪಿಸಿದರು. ಖಾಲಿ ಚೀಲ ತಂದು ಗೂಟಕ್ಕೆ ಹಾಕುತ್ತಿದ್ದಳು. ಅಂಬಿಕಾ ತಾನೇ ಹೋಗಿ ಕೊಂಡು ತಂದರೆ, ಅದನ್ನು ಮುಟ್ಟಲು ಹೆದರಿ ಪೊಟ್ಟಣ ಬಿಚ್ಚದೆ ಇಡುತ್ತಿದ್ದಳು. ಎಲ್ಲರಿಗೂ ಬಡಿಸಿ, "ನಂದಾತು" ಎಂದು ಒಳಗೆ ಹೋಗುತ್ತಿದ್ದಳು.

"ಅಮ್ಮ, ಅಜ್ಜಿ ಉಣ್ತಾ ಇಲ್ಲ," ಎಂದಳು ಅಕ್ಷಿತಾ ಒಂದು ಮಧ್ಯಾಹ್ನ. "ಒಣಗಿದ ತಟ್ಟೇನೇ ತೊಳೆದಿಡ್ತಾಳೆ. ನಾನು ನೋಡ್ದೆ."

ರವಿಕುಮಾರ ಅಪ್ಪನ ಜೊತೆ ಮಾತಾಡಿದ. "ಅವ್ವನ ಕೈಯಾಗೆ ಇನ್ನ ಆಗಲ್ಲಪ್ಪಾಜಿ. ಒಂದನೇ ತಾರೀಖಿನಿಂದ ಡಬ್ಬಿ ಅಂಬಿಕಾನ ಕೈಗೆ ಕೊಡಾಣ. ಮನೆ ಅವಳು ನೋಡ್ಕೊಳ್ಳಲಿ."

ಓಬಣ್ಣ ತಲೆಯಾಡಿಸಿದ. ನಲವತ್ತೊಂದು ವರ್ಷ ಗಿಡ್ಡಮ್ಮನ ಸೊಂಟಕ್ಕೋ ಸೆರಗಿಗೋ ಅಂಟಿಕೊಂಡಿದ್ದ ಅಧಿಕಾರ ಎರಡು ಮಾತಿನಲ್ಲಿ ಹೋಯಿತು. ಅಂಬಿಕಾ ಗಂಡನನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದಳು. ಅವನು ಸುತ್ತ ನೋಡಿ ದನಿ ತಗ್ಗಿಸಿದ.

"ನವೀಕರಣ ಆಗ್ಲಿ, ಆಮೇಲೆ ಹೇಳು. ಇನ್ನೊಂದು ವಾರ ಅಷ್ಟೆ. ನಿನ್ನ ಒಂದು ಸೊಕ್ಕೆಯಿಂದ ದೇಶದ ಲೆಕ್ಕ ತಪ್ತೈತಾ?"

"ದೇಶದ್ದು ನನಗೆ ಗೊತ್ತಿಲ್ಲ ರೀ. ಮನೇದು ತಪ್ಪೈತೆ."

ಹೀಗೆ ಹೇಳಿದವಳೇ ಆ ಒಂದು ವಾರ ಕಾದಳು. ಅದಕ್ಕಾಗಿ ಅವಳು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ, ನಾನೂ ಅವಳ ಪರ ವಾದಿಸುವುದಿಲ್ಲ. ಮೂವತ್ತೊಂದಕ್ಕೆ ಆದೇಶ ಬಂತು. ಇಡೀ ವರ್ಷ ಒಂದು ಕಡೆಯೂ ಖಾಲಿ ಬಿಡದ ಪಟ್ಟಿಯೆಂದು ಶಾಂತಲಾ ಹೊಗಳಿದಳು.

ಒಂದನೇ ತಾರೀಖು. ತಿಂಡಿಗೆ ಮಂಡಕ್ಕಿ ಒಗ್ಗರಣೆ ಮಾಡಿದ್ದಳು ಗಿಡ್ಡಮ್ಮ, ಎಣ್ಣೆ ತೋರಿಕೆಗಷ್ಟೇ. ಓಬಣ್ಣ ಹಣ ಎಣಿಸಿ ಸೊಸೆಯ ಕಡೆ ಚಾಚಿದ. ಗಿಡ್ಡಮ್ಮ ತಾನಾಗಿಯೇ ಡಬ್ಬಿ ತಂದು ಅವಳ ಮುಂದಿಟ್ಟಳು. ಅಂಬಿಕಾ ಕೈ ಮುಂದೆ ಮಾಡಲಿಲ್ಲ.

"ಮಾವ, ದುರುಗಣ್ಣ ಸತ್ತು ನಾಲ್ಕು ತಿಂಗಳಾತು. ಅಂಗಡೀಲಿ ಒಂದು ಕಾಳೂ ಇಲ್ಲ. ಗಾದ್ರಮ್ಮಂಗೆ ತಲೆ ಸರಿ ಇಲ್ಲ, ಯಾವ ಕಾಲದ್ದೋ ದರ ಹೇಳ್ತಾಳೆ. ಕೆಲಸ ಹೋಗ್ತೈತೆ ಅಂತ ಅದನ್ನೇ ಬರೆದೆ. ಆ ಐನೂರು ರೂಪಾಯಿ ಡಬ್ಬಿಗೆ ಹಾಕಿದ್ದೂ ನಾನೇ. ಅತ್ತೆ ಹೇಳಿದ್ದೇ ಸರಿ ಇತ್ತು, ಮೊದಲಿಂದಲೂ."

ರವಿಕುಮಾರ ನೆಲ ನೋಡಿದ. ಓಬಣ್ಣ ಕನ್ನಡಕ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ತನ್ನ ಕೈಯಾರೆ ಲೆಕ್ಕ ಹಾಕಿಟ್ಟ ನಾಲ್ಕು ತಿಂಗಳ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಪ್ರತಿಯೊಂದರ ಕೆಳಗೂ ಅಭ್ಯಾಸಬಲದಿಂದ ಅವನು ಸಹಿ ಹಾಕಿದ್ದ.

"ಗಿಡ್ಡಮ್ಮ," ಎಂದ. ಹಾಳೆಗಳನ್ನು ಕೆಳಗಿಟ್ಟ. "ತಪ್ಪಾತು ಕಣೇ. ಬ್ಯಾಳಿ ನೂರಾ ಎಪ್ಪತ್ತೇ ಇತ್ತಂತೆ. ನೀನು ಹೇಳಿದ್ದೇ ಸರಿ."

ಮದುವೆಯಾದಾಗಿನಿಂದ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ. ಗಿಡ್ಡಮ್ಮ ಗಂಡನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಮೆಲ್ಲಗೆ ನಕ್ಕಳು, ಜ್ವರ ಬಂದ ಮಕ್ಕಳನ್ನು ನೋಡಿ ನಗುವ ಹಾಗೆ.

"ನನಗೆ ಬ್ಯಾಸರ ಆಗಬಾರ್ದು ಅಂತ ಮನೆಮಂದೆಲ್ಲ ಕೂಡಿ ಸುಳ್ಳು ಹೇಳ್ತೀರಲ್ಲ. ನಾನೇ ಹೋಗಿ ಕೇಳ್ಕೊಂಡು ಬಂದೀನಿ, ಈ ಕಿವಿಯಾಗೆ ಕೇಳೀನಿ. ಹೋಗ್ಲಿ ಬಿಡ್ರಿ, ನನ್ನ ಕೈಯಾಗೆ ಇನ್ನ ಆಗಲ್ಲ."

"ಅತ್ತೆ, ನಾನು ಹೇಳೋದು ದಿಟ. ನಿಮ್ಮ ಕಾಲು ಹಿಡ್ಕೊಂತೀನಿ."

"ನಿನ್ನ ಮನಸ್ಸು ಒಳ್ಳೇದವ್ವ," ಎಂದು ಗಿಡ್ಡಮ್ಮ ಅವಳ ಕೈಯನ್ನು ತಾನೇ ಬಿಡಿಸಿ, ಡಬ್ಬಿಯನ್ನು ಅದರೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಎದ್ದು ಅಡುಗೆಮನೆಯ ಹೊಸಿಲವರೆಗೆ ಹೋದಳು. ದಾಟಲಿಲ್ಲ. ಹೊರಗಿನವರು ನಿಲ್ಲುವಂತೆ ಚೌಕಟ್ಟು ಹಿಡಿದು ನಿಂತು ತಿರುಗಿದಳು.

"ಮಧ್ಯಾಹ್ನಕ್ಕೆ ನಂದೂ ಒಂದು ಮುದ್ದೆ ಹಾಕ್ತೀಯೇನವ್ವ? ಪಟ್ಟಿಯಾಗೆ ಹೊಂದಿದ್ರೆ ಮಾತ್ರ."